ಗಾಳಿ ಬರುವ ಕಿಂಡಿ

ಹೊಳೆಯ ಈಚೆ ದಂಡೆಯಲ್ಲಿ ಮೃತ್ಯುಂಜಯ ಗುರುಗಳ ಆಶ್ರಮ. ಆಚೆ ದಂಡೆಯಲ್ಲಿ ಪೇಟೆ. ನಡುವೆ ಒಂದು ದೋಣಿ.

ಗುರುಗಳು ವೈದ್ಯರು. ಯೌವನದಲ್ಲಿ ಊರು ಬಿಟ್ಟು ಕಲ್ಕತ್ತೆಗೆ ಹೋಗಿ, ಅಲ್ಲಿ ಚೀನೀಯರ ಕೇರಿಯಲ್ಲಿ ಒಬ್ಬ ಮುದಿ ವೈದ್ಯನ ಬಳಿ ಕೆಲವು ವರ್ಷ ಇದ್ದು ಬಂದವರು. ಹಾಗಾಗಿ ಅವರ ಕಪಾಟಿನಲ್ಲಿ ಅರ್ಧ ನಮ್ಮ ನೆಲದ ಬೇರು, ಅರ್ಧ ಚೀನಾದ ಬೇರು. ಎರಡೂ ಜಗಳವಿಲ್ಲದೆ ಪಕ್ಕಪಕ್ಕ ಕೂತಿದ್ದವು.

ಶಿಷ್ಯ ಭರಮಪ್ಪ ಆ ಕಪಾಟನ್ನು ಅರೆದು ಕುಡಿದವನು. ಕಣ್ಣು ಕಟ್ಟಿ ಯಾವ ಬೇರನ್ನು ಮೂಗಿನ ಹತ್ತಿರ ಹಿಡಿದರೂ ಹೆಸರು ಹೇಳುತ್ತಿದ್ದ. ಆದರೆ ಗುರುಗಳು ಇನ್ನೂ ಒಬ್ಬ ರೋಗಿಯನ್ನೂ ಅವನ ಕೈಗೆ ಒಪ್ಪಿಸಿರಲಿಲ್ಲ. ಅವನ ಕೊರಗು ಅದೊಂದೇ.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯಿಂದ ಕಸ್ತೂರೆವ್ವ ಬಂದಳು. ಕಡಕ್ ರೊಟ್ಟಿ ಬಡಿದು ಪೇಟೆಗೆ ಮಾರುವ ಹೆಂಗಸು. ಸೊಂಟದ ಮೇಲೆ ಮಗಳು ಗಂಗೆ, ಆರು ವರ್ಷದವಳು. ಹೊಟ್ಟೆ, ಬೆನ್ನು, ತೊಡೆ, ಎಲ್ಲ ಕಡೆ ಕೆಂಪಗೆ ಗಂಧೆ ಎದ್ದಿತ್ತು.

"ಬರ್ತಾವ, ಹೋಗ್ತಾವ, ಮತ್ತ ಬರ್ತಾವ ನೋಡ್ರಿ ಯಪ್ಪಾ," ಎಂದಳು ಕಸ್ತೂರೆವ್ವ. "ಕಂಬಳಿ ತಿಕ್ಕಿದೆ, ದೊಡ್ಡಪತ್ರೆ ಹಚ್ಚಿದೆ. ಕೆರಕೊಂಡು ಕೆರಕೊಂಡು ಕೂಸು ಹಣ್ಣಾಗೇತಿ."

ಕೂಸು ಹಣ್ಣಾದಂತೆ ಕಾಣಲಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಕೆರೆಯುತ್ತ, ಇನ್ನೊಂದು ಕೈಯಲ್ಲಿ ಆಶ್ರಮದ ಬೆಕ್ಕಿನ ಬಾಲ ಹಿಡಿಯಲು ನೋಡುತ್ತಿತ್ತು.

ಗುರುಗಳು ಮಗುವನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

"ಭರಮಪ್ಪಾ, ಈ ಮಗು ನಿನ್ನದು."

ಭರಮಪ್ಪನ ಕಾಲು ನೆಲಕ್ಕೆ ಹತ್ತಲಿಲ್ಲ.

ಅವನು ನಾಡಿ ಹಿಡಿದ, ನಾಲಿಗೆ ನೋಡಿದ, ಕಪಾಟಿನತ್ತ ಓಡಿದ. ಚೀನೀ ಖಾನೆಯಿಂದ ಹಗುರವಾದ ಕಂದು ಬಣ್ಣದ ಪೊರೆಗಳನ್ನು ಬೊಗಸೆಯಲ್ಲಿ ತಂದ.

"ಏನದು?" ಗಂಗೆ ಬೆಕ್ಕನ್ನು ಬಿಟ್ಟಳು.

"ಜೀರುಂಡೆ ಬಿಚ್ಚಿಟ್ಟು ಹೋದ ಪೊರೆ. ಚೀನಾದಾಗ ಗಂಧೆಗೆ ಇದನ್ನ ಕುದಿಸಿ ಕೊಡ್ತಾರ."

"ಹುಳದ ಅಂಗಿ?"

"ಹ್ಞೂಂ, ಹುಳದ ಅಂಗಿ."

"ಅಂಗಿ ಇಲ್ಲದ ಹುಳಕ್ಕ ಚಳಿ ಆಗಂಗಿಲ್ಲೇನು?"

ಭರಮಪ್ಪ ನಕ್ಕು ಪೊರೆಗಳನ್ನು ಮಡಕೆಗೆ ಹಾಕಿದ. ಅವನು ಕಷಾಯ ಕುದಿಸಿದ. ಮೈಗೆ ಹಚ್ಚಲು ಬೇವು, ಅರಿಶಿನ ಹಾಕಿ ಕಾಯಿಸಿದ ಆಶ್ರಮದ ಎಣ್ಣೆಯನ್ನು ಕುಡಿಕೆಗೆ ಸುರಿದುಕೊಟ್ಟ. ಹುಳದ ಅಂಗಿಯ ರುಚಿ ನೋಡುವ ಆಸೆಗೆ ಗಂಗೆ ಕಷಾಯವನ್ನು ಗಟಗಟ ಕುಡಿದು, ಮುಖ ಕಿವುಚಿ, "ಹುಳ ಯಾಕ ಬಿಚ್ಚಿ ಒಗೀತು ಅಂತ ಈಗ ತಿಳೀತು," ಎಂದಳು.

ಮರುದಿನ ಗಂಧೆ ಇರಲಿಲ್ಲ.

ಭರಮಪ್ಪ ಗುರುಗಳ ಎದುರು ಹೋಗಿ ನಿಂತ. ಏನೂ ಕೆಲಸವಿರಲಿಲ್ಲ, ಸುಮ್ಮನೆ ನಿಂತ.

"ಮಗು ಗುಣವಾಯಿತು ಗುರುಗಳೇ."

"ಗಾಳಿ ನಿಂತರೆ," ಎಂದರು ಗುರುಗಳು, "ಮರ ತಾನೇ ನಿಲ್ಲಿಸಿದೆ ಅಂದುಕೊಳ್ಳುತ್ತದೆ."

ಆ ಮಾತು ಭರಮಪ್ಪನ ಕಿವಿಗೆ ಬಿತ್ತು. ಒಳಗೆ ಇಳಿಯಲಿಲ್ಲ.

ವಾರ ಕಳೆಯುವುದರೊಳಗೆ ಕಸ್ತೂರೆವ್ವ ಮತ್ತೆ ಬಂದಳು. ಗಂಗೆಯ ಮೈತುಂಬ ಗಂಧೆ.

ಭರಮಪ್ಪ ಕಷಾಯಕ್ಕೆ ಇನ್ನೊಂದು ಬೇರು ಸೇರಿಸಿದ. ಕಡಿಮೆಯಾಯಿತು. ಮತ್ತೆ ಬಂತು. ಅವನು ಮತ್ತೊಂದು ಸೇರಿಸಿದ. ಮಡಕೆ ಚಿಕ್ಕದಾಗಿ ದೊಡ್ಡ ಮಡಕೆ ಇಟ್ಟ. ಈ ನಡುವೆ ಅವನಿಗೂ ಗಂಗೆಗೂ ಗಳಸ್ಯ ಕಂಠಸ್ಯವಾಯಿತು. ಅವಳು ಬರುವ ದಾರಿಯಿಂದಲೇ "ಭರಮಣ್ಣಾ, ಇವತ್ತ ಯಾರ ಅಂಗಿ ಕುದಿಸೀಯೋ?" ಎಂದು ಕೂಗುತ್ತಿದ್ದಳು.

ಆದರೆ ಗಂಧೆ ಹೋಗಲಿಲ್ಲ. ಅವನು ಸೋತು ಗುರುಗಳ ಬಳಿ ಹೋದ.

"ಗುರುಗಳೇ, ಈ ಗಂಧೆಯ ಗುಟ್ಟೇನು?"

"ನನ್ನ ಚೀನೀ ಗುರು ಇದಕ್ಕೆ ಗಾಳಿ ಅನ್ನುತ್ತಿದ್ದ. ಎಲ್ಲಿಂದಲೋ ಬರುತ್ತದೆ, ಚರ್ಮದಲ್ಲಿ ಸುತ್ತುತ್ತದೆ, ಹೇಳದೆ ಹೋಗುತ್ತದೆ."

"ಗಾಳಿಯನ್ನು ತಡೆಯುವ ಬೇರು ನಮ್ಮಲ್ಲಿ ಇದೆಯಲ್ಲ. ಚೀನೀ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ ಅದು."

"ಇದೆ. ನಿನ್ನ ಕೋಣೆಗೆ ಗಾಳಿ ನುಗ್ಗಿದರೆ ಏನು ಮಾಡುತ್ತೀ? ಕೈಬೀಸಿ ಓಡಿಸುತ್ತೀಯೋ?"

"ಇಲ್ಲ. ಕಿಂಡಿ ಮುಚ್ಚುತ್ತೇನೆ."

"ಕಿಂಡಿ ಸಿಕ್ಕಿತೇ?"

ಭರಮಪ್ಪ ರಾತ್ರಿಯೆಲ್ಲ ಯೋಚಿಸಿ, ಚರ್ಮದ ರಂಧ್ರಗಳೇ ಆ ಕಿಂಡಿಗಳು ಎಂದು ತೀರ್ಮಾನಿಸಿದ. ಬೆಳಗಾಗುತ್ತಲೇ ಎಣ್ಣೆಯನ್ನು ಇನ್ನಷ್ಟು ಗಟ್ಟಿಯಾಗಿ ಕಾಯಿಸಿ, ಗಂಗೆಯ ಮೈಗೆಲ್ಲ ದಪ್ಪಗೆ ಬಳಿದ.

ಎಣ್ಣೆ ಬಿದ್ದ ಕಡೆಯೆಲ್ಲ ಮೈ ಇನ್ನಷ್ಟು ಕೆಂಪಾಯಿತು.

"ಹೆದರಬ್ಯಾಡ್ರಿ," ಎಂದ ಕಸ್ತೂರೆವ್ವನಿಗೆ. "ಒಳಗಿನ ರೋಗ ಹೊರಗ ಬರಾಕತ್ತೇತಿ."

ಹಾಗೆಂದಾಗ ಅವನ ದನಿ ಸ್ವಲ್ಪ ಅಳ್ಳಾಡಿತು. ಅದು ಅವನಿಗೊಬ್ಬನಿಗೇ ಗೊತ್ತಾಯಿತು.

ಸಂಕ್ರಾಂತಿ ಹತ್ತಿರ ಬಂತು. ಭಕ್ತರು ಆಶ್ರಮಕ್ಕೆ ಎಳ್ಳುಂಡೆಯ ಡಬ್ಬಿ ತಂದಿಟ್ಟು ಹೋದರು. ಅಂದು ಕಷಾಯ ಎಂದಿಗಿಂತ ಕಹಿ. ಗಂಗೆ ಮೂಗು ಹಿಡಿದು ಕುಡಿದು ಲೋಟವನ್ನು ಬೋರಲು ಹಾಕಿ ತೋರಿಸಿದಳು. ಭರಮಪ್ಪ ಡಬ್ಬಿಯಿಂದ ಎಲ್ಲಕ್ಕಿಂತ ದೊಡ್ಡ ಉಂಡೆ ಆರಿಸಿ ಅವಳ ಅಂಗೈಯಲ್ಲಿಟ್ಟ.

ಗಂಗೆ ಉಂಡೆಯನ್ನು ನೋಡಿದಳು. ಅವನ ಮುಖವನ್ನು ನೋಡಿದಳು. ತಿಂದಳು.

ಕಸ್ತೂರೆವ್ವ ಹೊಳೆಯಲ್ಲಿ ಕಾಲು ತೊಳೆದು ಬರುವಷ್ಟರಲ್ಲಿ ಮಗಳ ತುಟಿ ಊದಿತ್ತು.

"ಭರಮಣ್ಣಾ..." ಎಂದಳು ಗಂಗೆ. ದನಿ ಅವಳದಾಗಿರಲಿಲ್ಲ. ಒಡೆದ ಕೊಳಲಿನಂತೆ ಗಂಟಲಲ್ಲಿ ಸಿಳ್ಳೆ.

ಭರಮಪ್ಪ ಅರೆಯುವ ಕಲ್ಲಿನತ್ತ ಓಡಿದ. ಖಾನೆಗಳನ್ನು ಎಳೆದ. ಬೇರು ಚೆಲ್ಲಿದವು. ಯಾವುದು? ಮೂಸಿ ನೋಡಿದ. ಮೂಗು ಏನೂ ಹೇಳಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕಿ ಅರೆಯತೊಡಗಿದ.

ಒಳಗಿನಿಂದ ಗುರುಗಳು ಬಂದರು. ಮಗುವಿನ ತುಟಿ ನೋಡಿದರು, ಉಸಿರು ಕೇಳಿದರು. ಮರುಗಳಿಗೆ ಮಗು ಅವರ ಹೆಗಲ ಮೇಲಿತ್ತು. ಭರಮಪ್ಪನ ಕೈಯ ಗುಂಡುಕಲ್ಲನ್ನು ಕಿತ್ತು ಅಂಗಳಕ್ಕೆ ಎಸೆದರು.

"ಕಲ್ಲು ಬಿಡು. ಹುಟ್ಟು ಹಿಡಿ!"

ಗುರುಗಳು ಓಡಿದ್ದನ್ನು ಭರಮಪ್ಪ ಆವತ್ತೇ ಮೊದಲು ನೋಡಿದ್ದು. ಅವನು ದೋಣಿಗೆ ಹಾರಿದ. ಕಸ್ತೂರೆವ್ವ ಹಾರಿದಳು. ಹೊಳೆ ಇಷ್ಟು ಅಗಲವೆಂದು ಅವನಿಗೆ ಗೊತ್ತೇ ಇರಲಿಲ್ಲ. ಗುರುಗಳು ಮಗುವನ್ನು ಎದೆಗೆ ಆನಿಸಿ ಕೂರಿಸಿಕೊಂಡು, "ಉಸಿರು ತಗೋ ತಾಯಿ, ಬಿಡು. ತಗೋ, ಬಿಡು," ಎನ್ನುತ್ತಿದ್ದರು. ಭರಮಪ್ಪ ಅದೇ ತಾಳಕ್ಕೆ ಹುಟ್ಟು ಹಾಕಿದ.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಶಕೀಲಾ ಒಂದು ಮಾತೂ ಕೇಳಲಿಲ್ಲ. ತೊಡೆಗೆ ಚುಚ್ಚಿದರು. ಮೂಗಿಗೆ ಆಮ್ಲಜನಕ ಹಿಡಿದರು.

ಸಿಳ್ಳೆ ಮೆಲ್ಲಗೆ ಇಳಿಯಿತು. ತುಟಿ ತುಟಿಯಂತಾಯಿತು. ಗಂಗೆ ಕಣ್ಣು ಬಿಟ್ಟು ಮೊದಲು ಸೂಜಿಯನ್ನು ನೋಡಿದಳು.

"ಇದಕ್ಕಿಂತ ಹುಳದ ಅಂಗೀನ ಚಲೋ ಇತ್ತು," ಎಂದಳು.

ಕಸ್ತೂರೆವ್ವ ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಆಗ ಡಾಕ್ಟರು ಕೇಳಿದರು. "ಏನು ತಿಂದಿತ್ತು?"

"ಬೆಳಿಗ್ಗೆ ಗಂಜಿ. ಆಶ್ರಮದಲ್ಲಿ ಕಷಾಯ. ಆಮೇಲೆ ಒಂದು ಉಂಡೆ," ಎಂದ ಭರಮಪ್ಪ.

"ಕಷಾಯದಲ್ಲಿ ಏನೇನಿತ್ತು?"

ಅವನು ಹೇಳತೊಡಗಿದ. ಹೇಳುತ್ತಲೇ ಹೋದ. ಡಾಕ್ಟರ ಹುಬ್ಬು ಏರುತ್ತಲೇ ಹೋಯಿತು.

"ಇಷ್ಟರಲ್ಲಿ ಯಾವುದನ್ನು ಅಂತ ಹಿಡಿಯಲಿ? ಎಲ್ಲ ನಿಲ್ಲಿಸಿ. ಯಾವುದೋ ಒಂದು ಪದಾರ್ಥ ಈ ಮಗುವಿನ ಮೈಗೆ ಆಗಿಬರುವುದಿಲ್ಲ. ಅದು ಸಿಗುವವರೆಗೆ ಬರೀ ಗಂಜಿ, ಅನ್ನ, ಮಜ್ಜಿಗೆ. ಮುಂದಿನ ಸಲ ತುಟಿ ಊದಿದರೆ, ಉಸಿರು ಕಟ್ಟಿದರೆ, ಇಲ್ಲಿಗೇ ಓಡಿ ಬನ್ನಿ." ಆಮೇಲೆ ಗುರುಗಳತ್ತ ತಿರುಗಿ, "ನೀವು ಕರೆತಂದದ್ದು ಒಳ್ಳೆಯದಾಯಿತು," ಎಂದರು.

ಗುರುಗಳು ಕೈಮುಗಿದರು.

ಒಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮಗುವನ್ನು ಮನೆಗೆ ಕಳಿಸಿದರು. ಭರಮಪ್ಪ ತನ್ನ ಬಟ್ಟೆ ಗಂಟು ಕಟ್ಟಿದ. ಗುರುಗಳ ಎದುರು ಗಂಟನ್ನೂ ಔಷಧಿಯ ಚೀಲವನ್ನೂ ಇಟ್ಟು ತಲೆ ತಗ್ಗಿಸಿ ನಿಂತ.

"ನಾನು ಹೊರಡುತ್ತೇನೆ ಗುರುಗಳೇ. ನನ್ನ ಕಷಾಯ ಮಗುವನ್ನು ಕೊಲ್ಲುತ್ತಿತ್ತು."

"ಹೊರಡು," ಎಂದರು ಗುರುಗಳು.

ಭರಮಪ್ಪ ಗಂಟಿಗೆ ಕೈ ಹಾಕಿದ.

"ಕಸ್ತೂರೆವ್ವನ ಮನೆಗೆ ಹೊರಡು. ಚೀಲ ಇಲ್ಲೇ ಇರಲಿ."

"ಚೀಲವಿಲ್ಲದೆ ಹೋಗಿ ಏನು ಮಾಡಲಿ?"

"ಮಗು ಏನು ಮಾಡುತ್ತದೋ ಅದನ್ನು."

ಭರಮಪ್ಪ ಹೋದ. ಕಸ್ತೂರೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡು ಅವಳ ಕೈ ನಿಂತಿತು. "ಕಷಾಯ ತಂದೀರೇನು?" ಎಂದಳು ಅಳುಕಿನಿಂದ.

"ಇಲ್ರಿ ಅಕ್ಕಾರ. ಬರಿಗೈಲಿ ಬಂದೀನಿ."

ಹಿತ್ತಲಲ್ಲಿ ಗಂಗೆ ಅಡುಗೆ ಆಟ ಹೂಡಿದ್ದಳು. ಮೂರು ಕಲ್ಲಿನ ಒಲೆ, ತೆಂಗಿನ ಚಿಪ್ಪಿನ ಪಾತ್ರೆ, ಕೆಸರಿನ ಹಿಟ್ಟು. ಭರಮಪ್ಪನನ್ನು ಕಂಡಿದ್ದೇ, "ಕುಂದ್ರು. ಹಸ್ತು ಬಂದೀದಿ," ಎಂದು ಅವಳೇ ತೀರ್ಮಾನಿಸಿದಳು.

ಅವನು ನೆಲದ ಮೇಲೆ ಕೂತ. ಮಗುವಿನ ಎದುರು ನೆಲಕ್ಕೆ ಕೂತದ್ದು ಅದೇ ಮೊದಲು. ಇಷ್ಟು ದಿನವೂ ಅವನು ಬಗ್ಗಿ ನೋಡಿದ್ದ.

ಗಂಗೆ ಕೆಸರಿನ ರೊಟ್ಟಿ ತಟ್ಟಿದಳು. ಒಂದು ರೊಟ್ಟಿಯ ಮೇಲೆ ಮರಳು ಉದುರಿಸಿದಳು. ಇನ್ನೊಂದಕ್ಕೆ ಉದುರಿಸಲಿಲ್ಲ.

"ಇದ್ಯಾಕ ಬೋಳು?" ಕೇಳಿದ ಭರಮಪ್ಪ.

"ಅದು ನಂದು. ಮರಳು ಅಲ್ಲಪಾ, ಎಳ್ಳು ಅವು. ಎಳ್ಳಿನ ರೊಟ್ಟಿ ದೊಡ್ಡವರಿಗೆ."

"ನಿನಗ ಯಾಕ ಬ್ಯಾಡ ಎಳ್ಳು?"

"ಕಚ್ಚತಾವ."

ಭರಮಪ್ಪ ಕೆಸರಿನ ರೊಟ್ಟಿಯನ್ನು ಕೆಳಗಿಟ್ಟ.

"ಏನಂದಿ?"

"ಎಳ್ಳು ನಾಲಿಗಿ ಕಚ್ಚತಾವ. ಅವ್ವ ಮಾರಾಕ ಮಾಡಿದ್ದರಾಗ ಮುರಿದ ಚೂರು ನಂಗ ಕೊಡ್ತಾಳಲ್ಲ, ನಾ ಉಗುರಲೆ ಎಳ್ಳು ಕೆರದು ಕೆರದು ತಿಂತೀನಿ. ಒಂದೊಂದು ಉಳದು ಬಿಡ್ತಾವ. ಕಚ್ಚತಾವ."

"ಅವ್ವಗ ಹೇಳಲಿಲ್ಲೇನು?"

"ಹೇಳಿದ್ನಿ. ಎಳ್ಳಿಗೆಲ್ಲೆ ಹಲ್ಲಿರತಾವು, ತಿನ್ನು ಸುಮ್ನ ಅಂದ್ಲು."

"ಮತ್ತ ನಂಗ ಯಾಕ ಹೇಳಲಿಲ್ಲ ಗಂಗವ್ವಾ?"

ಗಂಗೆ ಅವನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ನೀ ಕೇಳೇ ಇಲ್ಲ."

ಭರಮಪ್ಪ ಕಷ್ಟಪಟ್ಟು ಕೇಳಿದ.

"ಆವತ್ತು ಎಳ್ಳುಂಡಿ ಕೊಟ್ನೆಲ್ಲ, ಅದನ್ನ್ಯಾಕ ತಿಂದಿ?"

"ಉಂಡಿ ಒಳಗಿನ ಎಳ್ಳು ಕೆರಿಯಾಕ ಬರಂಗಿಲ್ಲ," ಎಂದಳು ಗಂಗೆ. "ನೀ ಕೊಟ್ಟೆಲ್ಲ, ಅದಕ್ಕ ತಿಂದೆ."

ಅವನು ಎದ್ದು ಬೇಲಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಆಚೆ ಮುಖ ಮಾಡಿ ನಿಂತ. ಆಗ ಅವನಿಗೆ ಎಣ್ಣೆ ನೆನಪಾಯಿತು. ದಪ್ಪಗೆ ಬಳಿದಿದ್ದ ಎಣ್ಣೆ. ಬೇವು, ಅರಿಶಿನ ಹಾಕಿ ಕಾಯಿಸಿದ್ದು. ಯಾವುದರಲ್ಲಿ ಕಾಯಿಸಿದ್ದು?

ಎಳ್ಳೆಣ್ಣೆಯಲ್ಲಿ.

ಅವನು ಒಳಗೆ ಹೋಗಿ ಕಸ್ತೂರೆವ್ವನಿಗೆ ಎಲ್ಲ ಹೇಳಿದ. ಎಣ್ಣೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಹಿಟ್ಟು ನಾದುವ ಕೊಣಮಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ತಪ್ಪು ನಿಮ್ಮದಷ್ಟ ಅಂತ ಯಾಕ ಅಂತೀರಿ ಅಣ್ಣಾರ. ಅದು ದಿನಾ ಹೇಳತಿತ್ತು. ನಾನೂ ದಿನಾ ಕೊಡತಿದ್ನಿ."

ಇಬ್ಬರೂ ಮಗುವನ್ನು ಕರೆದುಕೊಂಡು ಡಾಕ್ಟರ್ ಶಕೀಲಾ ಬಳಿ ಹೋದರು. ಅವರು ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು. ಎಳ್ಳೇ ಹೌದೆಂದು ತಿಳಿಯಿತು. ಹೊತ್ತಿಗೆ ಬೇಕಾದರೆ ಇರಲೆಂದು ಮದ್ದು ಕೊಟ್ಟು, ಅದನ್ನು ಚುಚ್ಚುವುದು ಹೇಗೆಂದು ಕಸ್ತೂರೆವ್ವನಿಗೂ ಭರಮಪ್ಪನಿಗೂ ಕಲಿಸಿದರು.

ಭರಮಪ್ಪ ಆಶ್ರಮಕ್ಕೆ ಹಿಂತಿರುಗಿ ಎಣ್ಣೆಯ ದೊಡ್ಡ ಕುಡಿಕೆಯನ್ನು ಗುರುಗಳ ಮುಂದೆ ಇಟ್ಟ.

"ಕಿಂಡಿ ಸಿಕ್ಕಿತು ಗುರುಗಳೇ. ನಾನೇ ಅದನ್ನು ತೆರೆದಿಡುತ್ತಿದ್ದೆ."

"ಈ ಎಣ್ಣೆ ಕಾಯಿಸುವುದನ್ನು ನಿನಗೆ ಕಲಿಸಿದವರು ಯಾರು?"

ಭರಮಪ್ಪ ಕುಡಿಕೆಯ ಬಾಯಿ ಒರೆಸತೊಡಗಿದ.

"ಹೇಳು."

"ನೀವು."

"ಅದರ ವಾಸನೆ ನನ್ನ ಮೂಗಿಗೆ ದಿನಾ ಬಡಿಯುತ್ತಿತ್ತು. ಮೈ ಕೆಂಪಾಗಿದ್ದೂ ಕಂಡಿತ್ತು. ಕಿಂಡಿ, ಗಾಳಿ ಅಂತ ನಿನಗೆ ಒಗಟು ಹೇಳುತ್ತ ಕೂತೆ. ಎದ್ದು ಹೋಗಿ ಮಗುವನ್ನು ಕೇಳಲಿಲ್ಲ."

ಗುರುಗಳು ತಪ್ಪೊಪ್ಪಿದ್ದನ್ನು ಕೇಳಿ ಭರಮಪ್ಪ ತಬ್ಬಿಬ್ಬಾದ.

"ನನ್ನ ಚೀನೀ ಗುರು," ಎಂದರು ಅವರು, "ಮಕ್ಕಳು ಬಂದರೆ ಕಪಾಟು ಮುಟ್ಟುವ ಮೊದಲು ಅವರ ಜೊತೆ ನೆಲದ ಮೇಲೆ ಕೂರುತ್ತಿದ್ದ. ಎಷ್ಟೋ ಹೊತ್ತು. ಪಾಪ, ಮುದುಕನಿಗೆ ಕಾಲುನೋವಿರಬೇಕು ಅಂತ ನಾನು ತಿಳಿದಿದ್ದೆ."

ಭರಮಪ್ಪನಿಗೆ ತಡೆಯಲಾಗದೆ ನಗು ಬಂತು. ಗುರುಗಳೂ ನಕ್ಕರು. ಬಹಳ ದಿನಗಳ ಮೇಲೆ ಆ ಜಗಲಿಯಲ್ಲಿ ನಗು ಕೇಳಿ ಬೆಕ್ಕು ಎದ್ದು ಕೂತಿತು.

"ಈ ಎಣ್ಣೆಯನ್ನು ಹೊಳೆಗೆ ಸುರಿಯಲೇ?"

"ಯಾಕೆ? ಎಣ್ಣೆ ಏನು ತಪ್ಪು ಮಾಡಿದೆ?" ಗುರುಗಳು ಕುಡಿಕೆಯನ್ನು ಎತ್ತಿ ಗೂಡಿನ ದೀಪದ ಪಕ್ಕ ಇಟ್ಟರು. "ದೀಪಕ್ಕೆ ಆಗಿಬರುತ್ತದೆ."

"ಮತ್ತೆ ಈ ಬೇರುಗಳು?"

"ಬಿಸಿಲಿಗೆ ಹಾಕು. ಹುಳ ಹಿಡಿದಾವು. ಬೇಕಾದವರು ಬಂದೇ ಬರುತ್ತಾರೆ."

ಭರಮಪ್ಪ ಗಂಟು ಬಿಚ್ಚಿ ಬಟ್ಟೆಯನ್ನು ಗಳಕ್ಕೆ ಹಾಕಿದ.

ಎಳ್ಳು ಬಿಟ್ಟ ಮೇಲೆ ಗಂಗೆಯ ಮೈ ಹೊಸ ಮಡಕೆಯಂತೆ ನುಣುಪಾಯಿತು. ಅವಳ ಹೆಗಲಲ್ಲಿ ಮದ್ದಿನ ಪುಟ್ಟ ಚೀಲ ಯಾವಾಗಲೂ ನೇತಾಡುತ್ತಿತ್ತು. ಕೇಳಿದವರಿಗೆಲ್ಲ "ನಾನೂ ವೈದ್ಯಳು" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಕಸ್ತೂರೆವ್ವ ಎಳ್ಳಿಲ್ಲದ ರೊಟ್ಟಿ ಬಡಿಯತೊಡಗಿದಳು. ಪೇಟೆಯವರು ಒಂದೆರಡು ದಿನ ಗೊಣಗಿದರು. ಆಮೇಲೆ ಅದೇ ಚೆಂದವೆಂದರು.

ಯುಗಾದಿಯ ದಿನ ಗುರುಗಳು ತಾಯಿ ಮಗಳನ್ನು ಊಟಕ್ಕೆ ಕರೆದರು. ಭರಮಪ್ಪನೇ ಅಡುಗೆ ಮಾಡಿದ. ಸಾಲಾಗಿ ಎಲೆ ಹಾಸಿದರು. ಗಂಗೆ ಕೂರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಒಂದೊಂದು ಪಾತ್ರೆಯ ಮುಂದೆಯೂ ನಿಂತು ವಿಚಾರಣೆ ನಡೆಸಿದಳು.

"ಭರಮಣ್ಣಾ, ಪಲ್ಯದಾಗ ಎಳ್ಳು?"

"ಇಲ್ಲವ್ವಾ."

"ಒಗ್ಗರಣೆ?"

"ಶೇಂಗಾ ಎಣ್ಣೆ."

"ಹೋಳಿಗಿ?"

"ತುಪ್ಪದಾಗ ಬೇಯಿಸೀನಿ. ಎಳ್ಳು ಈ ಅಡಗಿಮನಿಗೂ ಬಂದಿಲ್ಲ."

"ಆಣಿ ಮಾಡು."

ಭರಮಪ್ಪ ಸೌಟು ಮುಟ್ಟಿ ಆಣೆ ಮಾಡಿದ. ಆಮೇಲೆ ಅವಳು ಗುರುಗಳತ್ತ ತಿರುಗಿದಳು. "ಅಜ್ಜಾರ, ನಿಮಗ ಏನು ಕಚ್ಚತೈತ್ರಿ?"

ಗುರುಗಳು ಯೋಚಿಸಿದರು. ಬಹಳ ವರ್ಷಗಳಿಂದ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ.

"ಬದನೆಕಾಯಿ ತಾಯಿ," ಎಂದರು ಮೆಲ್ಲಗೆ. "ಗಂಟಲು ತುರಿಸುತ್ತದೆ."

ಭರಮಪ್ಪ ಬಾಯಿ ತೆರೆದ. ಇಷ್ಟು ವರ್ಷ ವಾರಕ್ಕೆರಡು ಸಲ ಅವನು ಅವರಿಗೆ ಎಣ್ಣೆಗಾಯಿ ಬಡಿಸಿದ್ದ. ಅವರು ಮಾತಿಲ್ಲದೆ ಉಂಡಿದ್ದರು.

"ಗುರುಗಳೇ, ನೀವು ಯಾಕೆ ಒಂದು ಮಾತು ಹೇಳಲಿಲ್ಲ?"

ಗಂಗೆ ಹೋಳಿಗೆ ಮುರಿಯುತ್ತ, ತಲೆಯೆತ್ತದೆ ಹೇಳಿದಳು. "ನೀ ಕೇಳೇ ಇಲ್ಲ."

ಕಸ್ತೂರೆವ್ವ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಊಟ ಮುಗಿಯಿತು. ಗಂಗೆ ಕೈ ಸರಿಯಾಗಿ ತೊಳೆಯದೆ ಬೆಕ್ಕಿನ ಹಿಂದೆ ಹೊಳೆದಂಡೆಗೆ ಓಡಿದಳು. ಕಸ್ತೂರೆವ್ವ ಅವಳ ಹಿಂದೆ ಓಡಿದಳು. ಜಗಲಿಯಲ್ಲಿ ಗುರು, ಶಿಷ್ಯ ಇಬ್ಬರೇ ಉಳಿದರು.

ಭರಮಪ್ಪ ಬಹಳ ದಿನಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಿದ.

"ಗುರುಗಳೇ, ನಾನು ವೈದ್ಯನಾಗುವುದು ಯಾವಾಗ? ನನಗೆ ಇನ್ನೂ ಏನು ಕಲಿಸುವುದು ಉಳಿದಿದೆ?"

ಗುರುಗಳು ಹೊಳೆಯ ಕಡೆ ನೋಡಿದರು. ಪಂಚೆ ಎತ್ತಿ ಕಟ್ಟಿ, ಬಗ್ಗಿ, ಗಂಗೆ ಉಂಡ ಎಲೆಯ ತುದಿಗೆ ಕೈ ಹಾಕಿದರು.

"ಗುರುಗಳು ಊಟ ಮುಗಿಸಿ ಆಡುವುದಕ್ಕೆ ಹೋಗಿದ್ದಾರೆ. ಏಳು, ನಾವು ಶಿಷ್ಯರು ಎಲೆ ಎತ್ತೋಣ."